ಕರದಂಟು: ಹೆಸರಲ್ಲೇ ಇದೆ ಮಾಡುವ ಗುಟ್ಟು

ಮಗಳು ಹಡೆಯಲು ತವರಿಗೆ ಬಂದಳೆಂದರೆ ಮುಂಡರಗಿ ಕಡೆಯ ಮನೆಗಳಲ್ಲಿ ಅಂಟು, ಕೊಬ್ಬರಿ, ಉತ್ತತ್ತಿ ತರುವ ಗಡಿಬಿಡಿ ಶುರು. ಪುರುಸೊತ್ತಿಲ್ಲದವರು ಗೋಕಾಕದ್ದೋ ಅಮೀನಗಡದ್ದೋ ಕರದಂಟು ತರಿಸುತ್ತಾರೆ. ಆದರೆ ಕರದಂಟು ಅಂದ್ರೇನು ಅಂತ ಎಂದಾದರೂ ಯೋಚಿಸಿದ್ದೀರಾ?

ಜಾಲಿಯಂಥ ಮರಗಳಿಂದ ಒಸರಿ ಗಟ್ಟಿಯಾಗುವ ರಸವೇ ತಿನ್ನುವ ಅಂಟು. 'ಕರಿದ' ಎಂಬುದು ನಮ್ಮ ಬಾಯಲ್ಲಿ 'ಕರದ' ಆಗುತ್ತದೆ. ತುಪ್ಪದಲ್ಲಿ ಕರದ ಅಂಟೇ ಕರದಂಟು!

ತಿನಿಸಿನ ಹೆಸರು ಕೆಲವೊಮ್ಮೆ ಊರು ಹೇಳುತ್ತದೆ, ಕೆಲವೊಮ್ಮೆ ಗುಣ ಹೇಳುತ್ತದೆ. ಪೇಡೆಗೆ ಧಾರವಾಡ ಇದ್ದಂತೆ ಇಟಲಿಯ ಪಾರ್ಮೆಸನ್ ಚೀಸ್‌ಗೆ ಪಾರ್ಮಾ ಊರು. ಅಲ್ಲಿಯದೇ 'ಗ್ರಾನಾ' ಚೀಸ್‌ನ ಹೆಸರಿಗೆ ಕಾಳು ಎಂದರ್ಥ. ಒಡೆದರೆ ಕಾಳುಕಾಳಾಗಿ ಕಾಣುತ್ತದೆ. 'ಗೋಕಾಕ ಕರದಂಟು' ಎಂದರೆ ಊರೂ ಬಂತು, ಮಾಡುವ ಬಗೆಯೂ ಬಂತು.

ಮನೆಯಲ್ಲಿ ಮಾಡುವವರು ಈ ಹೆಸರನ್ನೇ ನೆನಪಿಡಿ.

* ಅಂಟನ್ನು ಸಣ್ಣ ಚೂರು ಮಾಡಿ, ಹದವಾದ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಿರಿ. ಅರಳಿನಂತೆ ಉಬ್ಬಬೇಕು.

* ಒಂದು ಚೂರನ್ನು ಬೆರಳಲ್ಲಿ ಒತ್ತಿ ನೋಡಿ. ಪುಡಿಯಾದರೆ ಸರಿ. ಒಳಗೆ ಗಟ್ಟಿ ಉಳಿದರೆ ಹಲ್ಲಿಗೆ ಅಂಟುತ್ತದೆ.

* ನೀರಲ್ಲಿ ನೆನೆಸಿ ಬಳಸುವ ಗೋಂದ್ ಕತೀರಾ ಬೇರೆ. ಕೊಳ್ಳುವಾಗ 'ಉಂಡಿಗೆ ಹಾಕುವ ಅಂಟು' ಎಂದೇ ಕೇಳಿ.

* ಕೊಬ್ಬರಿ, ಬಾದಾಮಿ ಕಮಟು ವಾಸನೆ ಬಂದಿದ್ದರೆ ಹಾಕಲೇಬೇಡಿ.

ಇನ್ನು ಬಾಣಂತಿಯ ಮಾತು. 'ಅಂಟಿನ ಉಂಡಿ ತಿಂದ್ಲಲ್ಲ, ಇನ್ನೇನು ಬೇಕು' ಎನ್ನುವವರಿದ್ದಾರೆ. ಅಂಟಿನಲ್ಲಿ ಇರುವುದು ಮುಖ್ಯವಾಗಿ ನಾರಿನಂಶ. ಶಕ್ತಿ ಬರುವುದು ಜೊತೆಗಿರುವ ಬೆಲ್ಲ, ತುಪ್ಪ, ಕೊಬ್ಬರಿ, ಬಾದಾಮಿಯಿಂದ. ಹೀಗಾಗಿ ದಿನಕ್ಕೊಂದು ಉಂಡಿ ಒಳ್ಳೆಯದೇ, ಆದರೆ ಅದು ಊಟಕ್ಕೆ ಬದಲಿ ಅಲ್ಲ. ಬೇಳೆ, ಸೊಪ್ಪು, ಹಾಲು ತಪ್ಪಿಸಬೇಡಿ. 'ಬಾಣಂತಿ ನೀರು ಕುಡೀಬಾರದು' ಎಂಬ ಮಾತು ಬಿಡಿ. ಹಾಲೂಡಿಸುವ ತಾಯಿಗೆ ನೀರು ಬೇಕೇ ಬೇಕು. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ. ಅದಕ್ಕೆ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದರೆ ವೈದ್ಯರನ್ನು ಕೇಳಿದ ಮೇಲೆಯೇ ಉಂಡಿ ಕೊಡಿ.

ತವರಿನ ಉಂಡಿ ಮಗಳಿಗೆ ಪ್ರೀತಿಯ ತುತ್ತು. ಅದರ ಪಕ್ಕದಲ್ಲೇ ಒಂದು ತಂಬಿಗೆ ನೀರು, ಒಂದು ಮಾತ್ರೆಯನ್ನೂ ಇಡಿ.