ನಿಮಗಿದು ಗೊತ್ತೆ? ಅಂತರ್ಜಲಕ್ಕೆ ಮರದ ಹೊಟ್ಟಿನ ಗೋಡೆ

ಕೇರಳದಲ್ಲಿ ಬಾವಿಯ ತಳಕ್ಕೆ ನೆಲ್ಲಿಮರದ ಹಲಗೆ ಹಾಸುವ ವಾಡಿಕೆ ಹಳೆಯದು. ಅದರಿಂದ ನೀರು ತಿಳಿಯಾಗಿ ಸಿಹಿಯಾಗಿರುತ್ತದೆ ಎಂಬುದು ಹಿರಿಯರ ನಂಬಿಕೆ.

ಮರ ಇನ್ನೂ ದೊಡ್ಡ ಕೆಲಸವನ್ನೇ ಮಾಡಬಲ್ಲದು. ರಸಗೊಬ್ಬರ, ಶೌಚಗುಂಡಿಗಳಿಂದ ನೆಲಕ್ಕಿಳಿಯುವ ನೈಟ್ರೇಟ್ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಹಸುಗೂಸುಗಳ ಜೀವಕ್ಕೇ ಅಪಾಯ. ಕುದಿಸಿದರೂ ಅದು ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ನ್ಯೂಜಿಲೆಂಡಿನ ವೈಕಾಟೊ ಸೀಮೆಯಲ್ಲಿ 1996ರಲ್ಲಿ ವಿಜ್ಞಾನಿಗಳು ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ 35 ಮೀಟರ್ ಉದ್ದದ ಕಂದಕ ತೋಡಿ, ಮಣ್ಣಿಗೆ ಮರದ ಹೊಟ್ಟು ಬೆರೆಸಿ ತುಂಬಿದರು. ಹೊಟ್ಟು ತಿನ್ನುವ ಬ್ಯಾಕ್ಟೀರಿಯಾಗಳು ಮೊದಲು ಅಲ್ಲಿನ ಆಮ್ಲಜನಕ ಮುಗಿಸುತ್ತವೆ. ಬಳಿಕ ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ, ಅದನ್ನು ನಿರಪಾಯಕಾರಿ ಸಾರಜನಕ ಅನಿಲವಾಗಿಸುತ್ತವೆ. ವಿದ್ಯುತ್ತಿಲ್ಲ, ಪಂಪಿಲ್ಲ. 14 ವರ್ಷಗಳ ನಂತರವೂ ಆ ಗೋಡೆ ಕೆಲಸ ಮಾಡುತ್ತಿತ್ತು!

ಕೆನಡಾದ ನಿಕಲ್ ರಿಮ್ ಗಣಿಯ ಬಳಿ 1995ರಲ್ಲಿ ಕಾಂಪೋಸ್ಟ್, ಮರದ ಚಕ್ಕೆಗಳ ಇಂಥದೇ ಗೋಡೆ ಕಟ್ಟಲಾಯಿತು. ಅಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಕರಗಿದ ಕಬ್ಬಿಣ, ನಿಕಲ್‌ಗಳು ಸಲ್ಫೈಡ್ ಆಗಿ ತಳಕ್ಕಿಳಿಯುವಂತೆ ಮಾಡಿದವು.

ಹಾಗೆಂದು ದಯವಿಟ್ಟು ಯಾರೂ ಮನೆಬಾವಿಗೆ ಹೊಟ್ಟು ಸುರಿಯಬೇಡಿ, ನೀರೇ ಕೊಳೆತೀತು. ನೀರು ತಿಳಿಯಾಗಿಸಲು ಬಳಸುವ ನುಗ್ಗೆಬೀಜದ ಪುಡಿ ಕೂಡ ರಾಡಿಯನ್ನು ತಳಕ್ಕಿಳಿಸುತ್ತದೆಯೇ ಹೊರತು ನೈಟ್ರೇಟನ್ನು ತೆಗೆಯದು.