ಬರಿದಾಗಿ ಮರಳದ ತಟ್ಟೆ

ಕ್ರಿಸ್ಮಸ್ ಬಂತೆಂದರೆ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಸಿದ್ಧವಾಗುತ್ತದೆ. ಕಿಡಿಯೊ, ನೆವ್ರಿ, ಗುಳಿಯೊ, ಚಕ್ಕುಲಿಗಳನ್ನು ತಟ್ಟೆಯಲ್ಲಿಟ್ಟು ಜಾತಿಮತವೆನ್ನದೆ ನೆರೆಮನೆಗಳಿಗೆ ಹಂಚುವುದು ವಾಡಿಕೆ.

ಹಿಂದೊಮ್ಮೆ ನಾವು ಬಡ ವಿಧವೆಯೊಬ್ಬರ ಮನೆಗೆ ಅಂಥ ತಟ್ಟೆ ಒಯ್ದು, ದೊಡ್ಡ ಉಪಕಾರ ಮಾಡಿದೆವೆಂಬ ಭಾವದಿಂದ ಹೊರಟಿದ್ದೆವು. "ಫಾದರ್, ಸ್ವಲ್ಪ ನಿಲ್ಲಿ" ಎಂದ ಆ ತಾಯಿ, ಖಾಲಿ ತಟ್ಟೆಯಲ್ಲಿ ಹಿತ್ತಿಲಿನ ನಾಲ್ಕು ನಿಂಬೆಹಣ್ಣು ಇಟ್ಟುಕೊಟ್ಟರು. ಬೇಡವೆನ್ನಲು ಹೊರಟ ನಾವು ಅವರ ಮುಖದ ಸಂತೋಷ ಕಂಡು ಸುಮ್ಮನಾದೆವು.

ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಬಡ ವಿಧವೆಯ ಎರಡು ಕಾಸನ್ನು ಎಲ್ಲರ ಕಾಣಿಕೆಗಿಂತ ಹೆಚ್ಚಿನದೆಂದು ಎಣಿಸಿದರು. ಉಳಿದವರು ಮಿಕ್ಕಿದ್ದನ್ನು ಕೊಟ್ಟಿದ್ದರು; ಆಕೆ ಇದ್ದುದನ್ನೆಲ್ಲ ಕೊಟ್ಟಿದ್ದಳು.

ಬಡವರಿಗೂ ಕೊಡುವ ಆಸೆಯಿದೆ. ಈ ಹಬ್ಬದಂದು ಅವರಿಗೆ ಕೊಡೋಣ. ಅವರು ಕೊಟ್ಟದ್ದನ್ನು ಎರಡೂ ಕೈ ಚಾಚಿ ಪಡೆಯೋಣ.