ಎಣಿಕೆಯ ಭಾಷೆ, ಬಳಕೆಯ ಭಾಷೆ: ವಡಗಾವಿಯ ನೆಲೆಯಿಂದ ಅಲ್ಪಸಂಖ್ಯಾತರ ಪ್ರಾತಿನಿಧ್ಯ

ಬೆಳಗಾವಿ ನಗರದ ನೇಕಾರರ ನೆಲೆಯೊಂದು ಕನ್ನಡದಲ್ಲಿ ‘ವಡಗಾವಿ’, ಮರಾಠಿಯಲ್ಲಿ ‘ವಡಗಾವ್’. ಕೇಳುಗರಿಗೆ ತಕ್ಕಂತೆ ಎರಡೂ ರೂಪಗಳನ್ನು ಬಳಸುವವರು ಅಲ್ಲಿ ವಿರಳರಲ್ಲ. ಆದರೆ ಗಡಿವಿವಾದದ ಕಥನವು ಇಂತಹ ಭಾಷಿಕರನ್ನು ಯಾವುದಾದರೂ ಒಂದು ಭಾಷೆಗೆ ಮಾತ್ರ ಸೇರಿಸುತ್ತದೆ. ಈ ವಿಂಗಡಣೆಗೆ ಆಧಾರವಾದ ಎಣಿಕೆಯ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಭಾರತದ ಜನಗಣತಿಯು ಒಬ್ಬರಿಗೆ ಒಂದೇ ಮಾತೃಭಾಷೆಯನ್ನು ದಾಖಲಿಸುತ್ತದೆ. ಬಲ್ಲ ಇತರ ಭಾಷೆಗಳಿಗೆ ಎರಡು ಸ್ಥಾನಗಳಿವೆ. ಅಲ್ಪಸಂಖ್ಯಾತರ ರಕ್ಷಣೆಗಳು ಮಾತ್ರ ಮಾತೃಭಾಷೆಯ ಸಂಖ್ಯೆಯನ್ನೇ ಅವಲಂಬಿಸಿವೆ. ಸ್ಥಳೀಯ ಜನಸಂಖ್ಯೆಯ ಶೇ. 15ರಷ್ಟು ಭಾಷಿಕರಿದ್ದರೆ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಹೊರಡಬೇಕು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆ ದೊರೆಯಬೇಕು. ಈ ಬೋಧನೆಯ ಸೌಲಭ್ಯವನ್ನು ರಾಜ್ಯಗಳು ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ.

ಇಲ್ಲಿ ಎಣಿಕೆಯ ಘಟಕವೂ ನಿರ್ಣಾಯಕ. ಮರಾಠಿ ಭಾಷಿಕರು ಕರ್ನಾಟಕದಲ್ಲಿ ಅಲ್ಪಸಂಖ್ಯಾತರು. ಖಾನಾಪುರ ತಾಲ್ಲೂಕಿನ ಹಲವು ಹಳ್ಳಿಗಳಲ್ಲಿ ಬಹುಸಂಖ್ಯಾತರು. ಅಂತಹ ಹಳ್ಳಿಯಲ್ಲಿ ಸಂಖ್ಯಾಬಲವಿಲ್ಲದವನು ಕನ್ನಡಿಗ. ಅವನಿಗೆ ರಾಜ್ಯಭಾಷೆಯ ಬೆಂಬಲವಾದರೂ ಉಂಟು. ಕೊಂಕಣಿಯ ಚಿಕ್ಕ ಗುಂಪಿಗೆ ಎರಡೂ ಇಲ್ಲ. 1967ರ ಮಹಾಜನ ಆಯೋಗದ ವರದಿ ಬೆಳಗಾವಿ ನಗರವನ್ನು ಕರ್ನಾಟಕದಲ್ಲಿಯೇ ಉಳಿಸಲು ಶಿಫಾರಸು ಮಾಡಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಗಡಿಗೆರೆ ಎಲ್ಲಿ ನಿಂತರೂ ಅದರ ಎರಡೂ ಬದಿಯಲ್ಲಿ ಅಲ್ಪಸಂಖ್ಯಾತರು ಉಳಿಯುತ್ತಾರೆ.

ಬೆರೆತು ಬಾಳುವುದೆಂದರೆ ಭಾಷೆಯನ್ನು ತೊರೆಯುವುದಲ್ಲ. ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು: ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಪರಸ್ಪರ ಹತ್ತಿರವಾಗಿದ್ದರೂ ಪದಕೋಶಗಳು ಬೇರೆಯಾಗಿಯೇ ಉಳಿದಿದ್ದವು. ವ್ಯಾಕರಣದಲ್ಲಿ ನೆರೆಹೊರೆ, ಪದದಲ್ಲಿ ಮನೆತನ.

ಅಮೆರಿಕದ ಜನಗಣತಿಯ ‘ಹಿಸ್ಪಾನಿಕ್’ ವರ್ಗ ಮೂಲವನ್ನು ಕೇಳುತ್ತದೆ, ಭಾಷೆಯನ್ನಲ್ಲ. ಸ್ಪ್ಯಾನಿಷ್ ಬಾರದವರೂ ಅದರಲ್ಲಿ ಸೇರುತ್ತಾರೆ. ನಮ್ಮಲ್ಲಿ ಇದು ತಿರುವುಮುರುವು: ಭಾಷೆಯನ್ನು ಕೇಳಿ ಪಡೆದ ಉತ್ತರವನ್ನು ಮೂಲದ, ನಿಷ್ಠೆಯ ಗುರುತಾಗಿ ಓದಲಾಗುತ್ತದೆ.

ಆದ್ದರಿಂದ ಮಾತೃಭಾಷೆಯ ಅಂಕಿಗಳನ್ನು ದ್ವಿಭಾಷಿಕತೆಯ ಅಂಕಿಗಳೊಂದಿಗೆ, ಓಣಿ ಮತ್ತು ಹಳ್ಳಿಗಳ ಮಟ್ಟದಲ್ಲಿ, ಜೋಡಿಸಿ ಓದಬೇಕೆಂಬುದು ನಮ್ಮ ನಿಲುವು. ಇದಕ್ಕೊಂದು ಎಚ್ಚರಿಕೆಯೂ ಅಗತ್ಯ: ಮಗುವಿಗೆ ಕನ್ನಡ ಬರುತ್ತದೆ ಎಂಬುದು ಅದರ ಮರಾಠಿ ಅಥವಾ ಉರ್ದು ಶಾಲೆಯನ್ನು ಮುಚ್ಚಲು ಕಾರಣವಾಗಕೂಡದು. ದ್ವಿಭಾಷಿಕತೆಯನ್ನು ದಾಖಲಿಸುವುದು ಹಕ್ಕನ್ನು ಮೊಟಕುಗೊಳಿಸಲಿಕ್ಕಲ್ಲ, ಹಕ್ಕುದಾರರನ್ನು ಪೂರ್ಣವಾಗಿ ಕಾಣಲಿಕ್ಕೆ.